ತಡವಾದ ರೈಲು, ಬರಿದಾಗುವ ಹೊಳೆ

ಬೆಂಗಳೂರಿನ ನಾಗರಿಕರ ಸಿಟ್ಟು ಹೊಸತಲ್ಲ. ಈಜಿಪುರ ಮೇಲ್ಸೇತುವೆಯ ಕಾಮಗಾರಿ 2017ರಲ್ಲಿ ಆರಂಭವಾಯಿತು. 2019ರಲ್ಲಿ ಮುಗಿಯಬೇಕಿದ್ದ ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆಯ ಕೆಲಸ 2025ರಲ್ಲೂ ನಡೆದೇ ಇತ್ತು. ನಡುವೆ ಒಂದು ಗುತ್ತಿಗೆ ರದ್ದಾಗಿ ಇನ್ನೊಂದು ಬರುವ ತನಕ ಬರಿಯ ಕಂಬಗಳು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದವು. ಪೆರಿಫೆರಲ್ ವರ್ತುಲ ರಸ್ತೆಯ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಅಂದಿನಿಂದ ಆ ಹಾದಿಯ ರೈತರು ಭೂಮಿಯನ್ನು ಮಾರಲಾರದೆ, ಅದರಲ್ಲೊಂದು ಮನೆ ಕಟ್ಟಲಾರದೆ, ಪರಿಹಾರವನ್ನೂ ಕಾಣದೆ ಒಂದು ತಲೆಮಾರನ್ನೇ ಕಳೆದರು. ನಗರವಾಸಿಗಳ ಆಕ್ರೋಶ ನ್ಯಾಯವಾದುದೇ. ಆದರೆ ಅದರ ಲೆಕ್ಕದ ಪುಸ್ತಕದಲ್ಲಿ ಕಾಣುವುದು ವಾಹನ ದಟ್ಟಣೆಯಲ್ಲಿ ಕಳೆದ ಗಂಟೆಗಳು, ಉರಿದುಹೋದ ಪೆಟ್ರೋಲು, ಏರಿದ ಯೋಜನಾ ವೆಚ್ಚ, ಇಷ್ಟೇ. ನಗರದಲ್ಲಿ ಮುಗಿಯದ ಕೆಲಸಗಳ ಬಡ್ಡಿಯನ್ನು ಇನ್ನೂರು, ನಾನೂರು ಕಿಲೋಮೀಟರ್ ಆಚೆ ಘಟ್ಟದ ಜನ ತೆರುತ್ತಿದ್ದಾರೆಂಬ ಸಂಗತಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ.

ವಿಳಂಬವೆಂಬುದು ಎಲ್ಲ ಯೋಜನೆಗಳಿಗೂ ಸಮನಾಗಿ ತಗಲುವ ಜಾಡ್ಯವೆಂದು ಆಡಳಿತ ನಂಬಿಸುತ್ತ ಬಂದಿದೆ. ಹಾಗಿಲ್ಲ. ನಗರ ತನ್ನ ಕಾಲ ಮೇಲೆ ತಾನು ನಿಲ್ಲಲು ಬೇಕಾದ ಕೆಲಸಗಳು ದಶಕಗಟ್ಟಲೆ ನೆನೆಗುದಿಗೆ ಬೀಳುತ್ತವೆ. ಬೇರೆಯವರ ನದಿಗೆ ಕೊಳವೆ ಹಾಕುವ ಯೋಜನೆಗಳಿಗೆ ಮಾತ್ರ ಮಂಜೂರಾತಿ, ಹಣ, ಶಂಕುಸ್ಥಾಪನೆ ಎಲ್ಲವೂ ಬಿರುಸಿನಿಂದ ಒದಗುತ್ತವೆ.

ಉಪನಗರ ರೈಲಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರಿನಿಂದ ತುಮಕೂರು, ದೊಡ್ಡಬಳ್ಳಾಪುರ, ರಾಮನಗರ, ಹೊಸೂರುಗಳತ್ತ ಹಳಿಗಳು ಎಂದೋ ಇವೆ. ಅವುಗಳನ್ನು ಬಳಸಿ ನಿತ್ಯ ಸಂಚಾರದ ರೈಲು ಓಡಿಸಬಹುದೆಂಬ ಮಾತು 1983ರಷ್ಟು ಹಿಂದೆಯೇ ತಜ್ಞರ ವರದಿಯಲ್ಲಿ ಬಂದಿತ್ತು. 2018ರ ಕೇಂದ್ರ ಮುಂಗಡಪತ್ರದಲ್ಲಿ ಯೋಜನೆ ಘೋಷಣೆಯಾಯಿತು. 2020ರ ಅಕ್ಟೋಬರ್‌ನಲ್ಲಿ 148 ಕಿಲೋಮೀಟರ್ ಮಾರ್ಗಕ್ಕೆ 15,767 ಕೋಟಿ ರೂಪಾಯಿಯ ಅಂದಾಜಿನೊಡನೆ ಕೇಂದ್ರದ ಒಪ್ಪಿಗೆ ದೊರೆಯಿತು. 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿಯವರು ಶಂಕುಸ್ಥಾಪನೆ ಮಾಡಿ, ನಾಲ್ವತ್ತು ವರ್ಷಗಳಿಂದ ಆಗದ್ದನ್ನು ನಾಲ್ವತ್ತು ತಿಂಗಳಲ್ಲಿ ಮಾಡಿ ತೋರಿಸುವ ಭರವಸೆ ಇತ್ತರು. ಆ ನಾಲ್ವತ್ತು ತಿಂಗಳು 2025ರ ಅಕ್ಟೋಬರ್‌ಗೆ ತುಂಬಿದವು. ನಾಲ್ಕು ಮಾರ್ಗಗಳಲ್ಲಿ ಒಂದರಲ್ಲೂ ಒಂದು ರೈಲು ಓಡಿರಲಿಲ್ಲ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಮಾರ್ಗಗಳಿಗೆ ಹೂವಿನ ಹೆಸರಿಡುವ ಕೆಲಸವೊಂದು ಸಕಾಲದಲ್ಲಿ ಮುಗಿದಿತ್ತೆನ್ನಬೇಕು.

ಕಾರಣಗಳೇನೂ ನಿಗೂಢವಲ್ಲ. ಭೂಮಿ ಕೈಗೆ ಬರುವ ಮುನ್ನವೇ ಶಂಕುಸ್ಥಾಪನೆ ನಡೆಯುತ್ತದೆ. ರೈಲ್ವೆಯ ಜಾಗವನ್ನು ರಾಜ್ಯದ ಕೈಗೊಪ್ಪಿಸಲು ಕಡತಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತವೆ. ಯೋಜನೆ ನಡೆಸುವ ಸಂಸ್ಥೆಯ ಮುಖ್ಯಸ್ಥರು ರೈಲ್ವೆಯವರಿರಬೇಕೋ ರಾಜ್ಯದ ಅಧಿಕಾರಿಯಿರಬೇಕೋ ಎಂಬ ತಕರಾರಿನಲ್ಲಿ ವರ್ಷಗಳು ಉರುಳುತ್ತವೆ. ಜಾಗ ಸಿಗದ ಗುತ್ತಿಗೆದಾರ ಯಂತ್ರಗಳನ್ನು ನಿಲ್ಲಿಸಿಕೊಂಡು ಕಾಯುತ್ತಾನೆ, ಕೊನೆಗೆ ಕೈಬಿಟ್ಟು ಹೋಗುತ್ತಾನೆ. ಮತ್ತೆ ಟೆಂಡರ್, ಮತ್ತೆ ಪರಿಷ್ಕೃತ ಅಂದಾಜು. ಇದೇ ಹೊತ್ತಿಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ಕಾರುಗಳಿಗಾಗಿ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯಲು 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ 2025ರಲ್ಲಿ ಒಪ್ಪಿಗೆ ಸಿಕ್ಕಿತು. 148 ಕಿಲೋಮೀಟರ್ ರೈಲಿಗೆ ಹೊಂದದ ಇಚ್ಛಾಶಕ್ತಿ 17 ಕಿಲೋಮೀಟರ್ ಸುರಂಗಕ್ಕೆ ಎಲ್ಲಿಂದ ಒದಗಿತು?

ನಗರದ ರೈಲಿಗೂ ಘಟ್ಟದ ಹೊಳೆಗೂ ಎತ್ತಣ ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧ ನೇರವಾಗಿಯೇ ಇದೆ. ಸುತ್ತಲಿನ ಪಟ್ಟಣಗಳಲ್ಲಿ ವಾಸವಿದ್ದು ಒಂದು ಗಂಟೆಯಲ್ಲಿ ಕೆಲಸಕ್ಕೆ ಬಂದು ಹೋಗುವ ಅನುಕೂಲವಿದ್ದಿದ್ದರೆ ಜನ ಒಂದೇ ಕಡೆ ಬಂದು ಕಿಕ್ಕಿರಿಯಬೇಕಿರಲಿಲ್ಲ. ಆ ಅನುಕೂಲವಿಲ್ಲದ್ದರಿಂದ ಕೆರೆಯಂಗಳ, ಗದ್ದೆಬಯಲುಗಳ ಮೇಲೆ ಬಡಾವಣೆಗಳೆದ್ದವು. ಹೀಗೆ ಕೂಡಿದ ಕೋಟಿಗೂ ಮಿಕ್ಕ ಜನರ ನೀರಿನ ಬೇಡಿಕೆ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ, ಒಂದು ದೊಡ್ಡ ನದಿಯೂ ಹರಿಯದ ದಿಬ್ಬದ ಮೇಲೆ ಬಂದು ಕುಳಿತಿದೆ.

ಆ ದಿಬ್ಬಕ್ಕೆ ತನ್ನದೇ ಆದ ಚಿಕ್ಕ ನದಿಯೊಂದಿತ್ತು. ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿ ನಗರ ನೀರು ಕುಡಿಯಿತು. ಮುಂದೆ ಅದರ ಜಲಾನಯನದಲ್ಲಿ ಬಡಾವಣೆ, ಕಾರ್ಖಾನೆ, ಕೊಳವೆಬಾವಿಗಳು ತುಂಬಿದವು. ಒಳಹರಿವು ಬತ್ತಿತು, ಬಂದಷ್ಟು ನೀರೂ ಮಲಿನವಾಯಿತು. ಅಷ್ಟರಲ್ಲಿ ಕಾವೇರಿ ಬಂದಿದ್ದಳು. 1974ರಿಂದ ಹಂತ ಹಂತವಾಗಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರು ಅದು. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡು ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರನ್ನು ನಗರಕ್ಕೆ ಒದಗಿಸಿತು. ಅದನ್ನು ಕಾಯುತ್ತಿದ್ದ 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಹದಿನೇಳು ವರ್ಷ ತೆರಿಗೆ ಕಟ್ಟಿ ಟ್ಯಾಂಕರ್ ನೀರು ಕೊಂಡ ಆ ಜನರ ಸಂಕಟವನ್ನು ಹಗುರವಾಗಿ ಕಾಣಬಾರದು.

ಆದರೆ ಬಂದ ನೀರಿನ ಗತಿಯೇನು? ಒಂದು ಕಾಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರು ಸೋರಿಕೆಯಲ್ಲೋ ಲೆಕ್ಕಕ್ಕೆ ಸಿಗದ ಬಳಕೆಯಲ್ಲೋ ಕಾಣೆಯಾಗುತ್ತಿತ್ತು. ಕೊಳವೆ ಬದಲಿಸುವ ಕೆಲಸಕ್ಕೆ ಶಂಕುಸ್ಥಾಪನೆಯಿಲ್ಲ, ನಾಮಫಲಕವಿಲ್ಲ. ಅದು ತೆವಳುತ್ತಲೇ ಸಾಗಿತು. ಮಳೆ ನೀರು ಸಂಗ್ರಹವನ್ನು 2009ರಲ್ಲೇ ಕಾನೂನು ಕಡ್ಡಾಯಗೊಳಿಸಿತು. ತೊಟ್ಟಿ ಕಟ್ಟಿಸುವ ಬದಲು ದಂಡ ತೆರುವುದೇ ಸಲೀಸೆಂದು ಸಾವಿರಾರು ಮನೆಯವರು ದಂಡ ಕಟ್ಟುತ್ತ ಬಂದರು, ಮಂಡಳಿ ಅದನ್ನು ವಸೂಲಿ ಮಾಡುತ್ತ ಸುಮ್ಮನಾಯಿತು. ಹಳೆಯ ಮಹಾನಗರ ಪಾಲಿಕೆಯ ವ್ಯಾಪ್ತಿ 700 ಚದರ ಕಿಲೋಮೀಟರ್‌ಗೂ ಹೆಚ್ಚು, ವರ್ಷದ ಸರಾಸರಿ ಮಳೆ 970 ಮಿಲಿಮೀಟರ್ ಆಸುಪಾಸು. ಗುಣಿಸಿ ನೋಡಿದರೆ ನಗರದ ತಲೆಯ ಮೇಲೆ ಬೀಳುವ ಮಳೆ ಹೆಚ್ಚುಕಡಿಮೆ 24 ಟಿಎಂಸಿ. ಅಷ್ಟನ್ನೂ ಹಿಡಿಯಲಾಗದು, ನಿಜ. ಅರ್ಧವನ್ನು ಹಿಡಿಯಲೂ ಮೂವತ್ತು ವರ್ಷಗಳಲ್ಲಿ ಏಕೆ ಪ್ರಯತ್ನವಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇಕು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದವೆಂದು ಸರ್ಕಾರವೇ ಹೇಳಿತು.

ಬಳಸಿದ ನೀರಿನ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬೀಳುತ್ತದೆ. ನೀರಿನ ಕೊಳವೆ ಮೊದಲು, ಒಳಚರಂಡಿ ಆಮೇಲೆ, ಶುದ್ಧೀಕರಣ ಎಂದೋ ಒಂದು ದಿನ, ಇದು ಬೆಂಗಳೂರಿನ ಕ್ರಮ. ಅದರ ಫಲವಾಗಿ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಹೊತ್ತಿ ಉರಿಯಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2018ರ ಡಿಸೆಂಬರ್‌ನಲ್ಲಿ ರಾಜ್ಯಕ್ಕೆ ದಂಡ ವಿಧಿಸಿ, ಕೆರೆಯ ಪುನಶ್ಚೇತನಕ್ಕೆ 500 ಕೋಟಿ ತೆಗೆದಿರಿಸಲು ಆದೇಶಿಸಿತು. ಆಮೇಲೆ ಹೂಳೆತ್ತುವ ಗಡುವುಗಳು ಒಂದರ ಹಿಂದೊಂದು ಮುಂದಕ್ಕೆ ಹೋದವು. ಅದೇ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಮೂರನೇ ಹಂತದ ಶುದ್ಧೀಕರಣಕ್ಕಾಗಿ ಅಲ್ಲಿನ ರೈತರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಕೋಲಾರ, ಚಿಕ್ಕಬಳ್ಳಾಪುರಗಳ ದಾಹ ಸುಳ್ಳಲ್ಲ. ಘಟ್ಟದವರು ಬಯಲುಸೀಮೆಯವರ ವೈರಿಗಳೂ ಅಲ್ಲ. ಆ ದಾಹವನ್ನು ಮುಂದಿಟ್ಟು ನಡೆದ ಎತ್ತಿನಹೊಳೆಯ ವ್ಯವಹಾರವನ್ನು ನೋಡಬೇಕು. 2012ರಲ್ಲಿ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, ಆಮೇಲೆ 23,251 ಕೋಟಿ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24.01 ಟಿಎಂಸಿ ಎತ್ತುವುದಾಗಿ ಸರ್ಕಾರ ಹೇಳಿತು. ಆ ಜಲಾನಯನದಲ್ಲಿ ಸಿಗುವುದೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅಧ್ಯಯನ ನಡೆಸಿ ತಿಳಿಸಿತು. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ನಡೆದು ಹತ್ತು ವರ್ಷ ಕಳೆದ ಮೇಲೆ, 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯಾಯಿತು. ಅಂದು ಎತ್ತಿದ ನೀರು ಕೋಲಾರ ಮುಟ್ಟಲಿಲ್ಲ. ಕಾಲುವೆ ಮುಗಿಯದ ಕಾರಣ ಅದನ್ನು ವಾಣಿವಿಲಾಸ ಸಾಗರದತ್ತ ತಿರುಗಿಸಬೇಕಾಯಿತು. ಕಾಡು ಕಡಿಯುವುದು, ಗುಡ್ಡ ಬಗೆಯುವುದು, ಹೊಳೆಗೆ ಅಡ್ಡಗೋಡೆ ಕಟ್ಟುವುದು ಮೊದಲು ಮುಗಿದವು. ನೀರು ತಲುಪಿಸುವ ಕೆಲಸ ಹಿಂದೆ ಉಳಿಯಿತು. ಈ ಯೋಜನೆಯಲ್ಲಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿಗೂ ಪಾಲಿದೆ. ತನ್ನ ಅರ್ಕಾವತಿಯನ್ನು ಬತ್ತಿಸಿದ ನಗರಕ್ಕೆ ಅದೇ ಪಾತ್ರೆಯಲ್ಲಿ ಕುಮಾರಧಾರೆಯ ಕೂಸುಗಳ ನೀರು ಬೇಕಾಗಿದೆ.

ಎತ್ತಿನಹೊಳೆಯ ಬಳಿಕ ಕಣ್ಣು ಬಿದ್ದದ್ದು ಶರಾವತಿಯ ಮೇಲೆ. 2019ರ ಜೂನ್‌ನಲ್ಲಿ ಅಂದಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರು ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ತರುವ ವಿಸ್ತೃತ ಯೋಜನಾ ವರದಿಗೆ ಸೂಚಿಸಿದರು. ಲಿಂಗನಮಕ್ಕಿಯ ಪೂರ್ಣ ಮಟ್ಟ 554 ಮೀಟರ್; ಅಲ್ಲಿಂದ ಕೆಳಗಿಳಿದು ನಾಡಿಗೆ ವಿದ್ಯುತ್ ಕೊಡುವ ನೀರನ್ನೇ ವಿದ್ಯುತ್ ಸುಟ್ಟು ನಾನೂರು ಕಿಲೋಮೀಟರ್ ದೂರಕ್ಕೆ, 900 ಮೀಟರ್ ಎತ್ತರಕ್ಕೆ ತಳ್ಳುವ ಈ ಜಾಣತನಕ್ಕೆ ಮಲೆನಾಡು ಕೂಡಲೇ ಉತ್ತರಿಸಿತು. ಮುಳುಗಡೆಯ ಸಂಕಟವನ್ನು ಕಾದಂಬರಿಗಳಲ್ಲಿ ಬರೆದ ನಾ. ಡಿಸೋಜ ಅವರು ಇಳಿವಯಸ್ಸಿನಲ್ಲಿ ಮುಂದೆ ನಿಂತರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಸರ್ಕಾರ ಹಿಂದೆ ಸರಿಯಿತು.

ಕಾಯುವುದೆಂದರೇನೆಂದು ಶರಾವತಿಯ ಹಿನ್ನೀರಿನ ಜನರಿಗೆ ಯಾವ ನಗರವೂ ಕಲಿಸಬೇಕಾಗಿಲ್ಲ. 1964ರಲ್ಲಿ ಅಣೆಕಟ್ಟೆ ತುಂಬಿದಾಗ ಕರೂರು ಸೀಮೆ ನಡುಗಡ್ಡೆಯಂತಾಯಿತು. ಸಾಗರ ಪೇಟೆಗೆ, ಆಸ್ಪತ್ರೆಗೆ, ಕಾಲೇಜಿಗೆ ಲಾಂಚ್ ಹತ್ತಿಯೇ ಹೋಗಬೇಕಾಯಿತು. ಸಂಜೆಗೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದವರ ಪಾಡೇನೆಂದು ತುಮರಿಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿನಲ್ಲಿ ವಾಹನಗಳಿಗೆ ಜಾಗವಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್‌ನ ಸೇತುವೆ ದೊರೆತದ್ದು 2025ರ ಜುಲೈ 14ರಂದು, ಅರುವತ್ತೊಂದು ವರ್ಷಗಳ ಬಳಿಕ. ಮುಳುಗಡೆಯಾದವರಲ್ಲಿ ಎಷ್ಟೋ ಕುಟುಂಬಗಳ ಭೂಮಿಗೆ ಹಕ್ಕುಪತ್ರವಂತೂ ಇನ್ನೂ ಬರಬೇಕಾಗಿದೆ. ಈಜಿಪುರದ ಕಂಬಗಳ ಚಿತ್ರ ಎಂಟು ವರ್ಷ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಲಾಂಚಿಗಾಗಿ ಕಾದ ಅರುವತ್ತು ವರ್ಷಕ್ಕೆ ಎಷ್ಟು ಪುಟ ಸಿಕ್ಕಿತು?

ಬೆಂಗಳೂರಿನ ಪ್ರಜ್ಞಾವಂತ ನಾಗರಿಕರು ವಿಳಂಬದ ವಿರುದ್ಧ ಬೀದಿಗಿಳಿಯುವಾಗ ತಮ್ಮ ಬೇಡಿಕೆಯ ಪಟ್ಟಿಯಲ್ಲಿ ಉಪನಗರ ರೈಲನ್ನು ಸುರಂಗಕ್ಕಿಂತ ಮೇಲಿಡಬೇಕು. ಸೋರುವ ಕೊಳವೆಯ ದುರಸ್ತಿ, ಮೂರನೇ ಹಂತದ ಶುದ್ಧೀಕರಣ, ಅರ್ಕಾವತಿಯ ಜಲಾನಯನದ ತೆರವು, ಇವುಗಳಿಗೆ ದಿನಾಂಕ ಕೇಳಬೇಕು. ಪ್ರತಿ ವಾರ್ಡಿನಲ್ಲಿ ಬಂದ ನೀರೆಷ್ಟು, ಸೋರಿದ್ದೆಷ್ಟು, ಶುದ್ಧವಾಗಿ ಮರಳಿ ಬಳಕೆಯಾದದ್ದೆಷ್ಟು ಎಂಬ ಲೆಕ್ಕವನ್ನು ಜಲಮಂಡಳಿ ವರ್ಷಕ್ಕೊಮ್ಮೆ ಬಹಿರಂಗಪಡಿಸಲಿ. ಆ ಲೆಕ್ಕ ಹೊರಬರುವ ತನಕ ಘಟ್ಟದ ಯಾವ ಹೊಳೆಯ ದಂಡೆಗೂ ಸಮೀಕ್ಷೆಯ ಗೂಟ ಹೊತ್ತು ಬರುವ ಅಧಿಕಾರ ಯಾವ ಇಲಾಖೆಗೂ ಇಲ್ಲ. ಬಂದರೆ, 2019ರ ಜುಲೈಯಲ್ಲಿ ಅಂಗಡಿ ಬಾಗಿಲು ಹಾಕಿ ಬೀದಿಗೆ ಬಂದವರು ಇನ್ನೂ ಇಲ್ಲೇ ಇದ್ದಾರೆ.