ಲಕ್ಷ ಕೊಡ್ತಾರೆ, ಸರಿ. ಎಷ್ಟು ಜನಕ್ಕೆ?

ಹದಿನಾರು ಕೆರೆಗೆ ಚಳಿಗಾಲದಲ್ಲಿ ಬಂದಿದ್ದ ಪಟ್ಟೆತಲೆ ಹೆಬ್ಬಾತುಗಳು ವಾಪಸ್ ಹೋಗಿ ಆಗಿತ್ತು. ಆಗ ಪ್ರಚಾರದ ಆಟೊಗಳ ಸೀಸನ್. 2024ರ ಏಪ್ರಿಲ್ 26ಕ್ಕೆ ನಮ್ಮ ಚಾಮರಾಜನಗರ ಕ್ಷೇತ್ರದಲ್ಲಿ ಮತದಾನ ಇತ್ತು. ಕಾಂಗ್ರೆಸ್ಸಿನಿಂದ ಸುನಿಲ್ ಬೋಸ್, ಬಿಜೆಪಿಯಿಂದ ಎಸ್. ಬಾಲರಾಜ್.

ಊರಿಂದ ಅತ್ತೆ ಫೋನ್ ಮಾಡಿ, "ವರ್ಷಕ್ಕೆ ಲಕ್ಷ ಕೊಡ್ತಾರಂತಲ್ಲ ಮಗ, ದಿಟವಾ?" ಅಂದ್ರು. ಗೃಹಲಕ್ಷ್ಮಿಯ 2,000 ಖಾತೆಗೆ ಬರ್ತಿದ್ದರಿಂದ ಅವರಿಗೆ ಇದೂ ನಂಬೋ ಮಾತೇ ಆಗಿತ್ತು. ಆದರೆ ಅದು ರಾಜ್ಯದ್ದು, ಇದು ಕೇಂದ್ರದ್ದು.

ಕಾಂಗ್ರೆಸ್ಸಿನ 'ನ್ಯಾಯಪತ್ರ' ಬಡ ಕುಟುಂಬದ ಹಿರಿಯ ಮಹಿಳೆಗೆ ವರ್ಷಕ್ಕೆ 1 ಲಕ್ಷ ಅಂದಿತ್ತು. ಎಷ್ಟು ಕುಟುಂಬ? ಅಲ್ಲೇ ಇದ್ದಿದ್ದು ತೊಡಕು. 1 ಕೋಟಿ ಕುಟುಂಬ ಅಂದ್ರೆ 1 ಲಕ್ಷ ಕೋಟಿ, 5 ಕೋಟಿ ಅಂದ್ರೆ 5 ಲಕ್ಷ ಕೋಟಿ. 2019ರಲ್ಲಿ ಇದೇ ಪಕ್ಷ 72,000 ರೂಪಾಯಿ, 5 ಕೋಟಿ ಕುಟುಂಬ ಅಂತ ಬಿಡಿಸಿ ಹೇಳಿತ್ತು. ಆಗ ಲೆಕ್ಕ ಹಾಕೋಕಾದ್ರೂ ಆಗ್ತಿತ್ತು.

ಬಿಜೆಪಿಯ 'ಸಂಕಲ್ಪ ಪತ್ರ'ದಲ್ಲಿ ಇನ್ನೂ 5 ವರ್ಷ ಉಚಿತ ಪಡಿತರ ಇತ್ತು. ಅದು ಹೊಸದೇನಲ್ಲ, 2023ರ ನವೆಂಬರಿನಲ್ಲೇ ಸಂಪುಟ ಒಪ್ಪಿದ್ದು: 81 ಕೋಟಿ ಜನ, 5 ವರ್ಷಕ್ಕೆ 11.80 ಲಕ್ಷ ಕೋಟಿ. ಇನ್ನೂ 3 ಕೋಟಿ ಮನೆ ಅಂತಲೂ ಇತ್ತು. ಆಗಿನ ಹಳ್ಳಿ ಮನೆಯ ದರ 1.20 ಲಕ್ಷ ಹಿಡಿದರೂ 3.6 ಲಕ್ಷ ಕೋಟಿ ಆಗುತ್ತೆ. ಇದರಲ್ಲಿ ಕರ್ನಾಟಕದಂಥ ರಾಜ್ಯ ನೂರಕ್ಕೆ 40 ಹಾಕಬೇಕು. ಭಾಷಣದಲ್ಲಿ ಆ 40ರ ಸುದ್ದಿ ಬರಲ್ಲ.

ಖಜಾನೆ ಹೇಗಿತ್ತು? 2024ರ ಫೆಬ್ರವರಿಯ ಮಧ್ಯಂತರ ಬಜೆಟ್ ಪ್ರಕಾರ 2024-25ರ ಖರ್ಚು 47.66 ಲಕ್ಷ ಕೋಟಿ. ಅದರಲ್ಲಿ 16.85 ಲಕ್ಷ ಕೋಟಿ ಸಾಲದ್ದು, ಅಂದ್ರೆ ನೂರು ರೂಪಾಯಿ ಖರ್ಚಿಗೆ 35 ಸಾಲ. ಹಳೇ ಸಾಲದ ಬಡ್ಡಿಗೇ ಹತ್ತಿರ ಹತ್ತಿರ 25 ಹೋಗ್ತಿತ್ತು. ನಮ್ಮ ಇಎಂಐ ಈ ಮಟ್ಟಕ್ಕೆ ಬಂದ್ರೆ ಬ್ಯಾಂಕಿನವರು ಎರಡನೇ ಲೋನಿಗೆ ಮುಖ ತಿರುಗಿಸ್ತಾರೆ. (ಸರ್ಕಾರ ಮನೆಯಲ್ಲ, ಗೊತ್ತು. ಅದರ ಬಡ್ಡಿ ಮಾತ್ರ ನಮ್ಮ ತೆರಿಗೆಯೇ.)

ಬಡವರ ಕೈಗೆ ದುಡ್ಡು ಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಗೃಹಲಕ್ಷ್ಮಿ ದುಡ್ಡಲ್ಲಿ ಅತ್ತೆ ಬಿಪಿ ಮಾತ್ರೆ ತಗೋತಾರೆ, ಯಾರ ಹತ್ರಾನೂ ಕೇಳದೆ. ಅದನ್ನ 'ಬಿಟ್ಟಿ' ಅನ್ನೋ ವಾಟ್ಸಾಪ್ ಅಂಕಲ್‌ಗಳ ಮೇಲೆ ನನಗೆ ಸಿಟ್ಟಿದೆ. ನನ್ನ ತಕರಾರು ಲೆಕ್ಕ ಮುಚ್ಚಿಡೋದರ ಬಗ್ಗೆ ಅಷ್ಟೇ. 2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಚುನಾವಣಾ ಆಯೋಗ ನೀತಿ ಸಂಹಿತೆಗೆ ಒಂದು ಭಾಗ ಸೇರಿಸ್ತು: ಭರವಸೆಗೆ ದುಡ್ಡು ಎಲ್ಲಿಂದ ಅಂತ ಪ್ರಣಾಳಿಕೆ ಸ್ಥೂಲವಾಗಿಯಾದ್ರೂ ಹೇಳಬೇಕು. 2022ರಲ್ಲಿ ಇದಕ್ಕೊಂದು ನಮೂನೆಯನ್ನೂ ಆಯೋಗ ಪಕ್ಷಗಳ ಮುಂದಿಟ್ಟಿತ್ತು. ಆ ಸಲದ ಎರಡೂ ಪುಸ್ತಕಗಳಲ್ಲಿ ಅಂಥ ಪಟ್ಟಿ ಇರಲಿಲ್ಲ.

ಅತ್ತೆಗೆ ಇಷ್ಟೇ ಹೇಳಿದೆ: ಕರಪತ್ರ ಕೊಡೋಕೆ ಬಂದವರನ್ನ, ಯಾವ ಪಕ್ಷದವರಾದ್ರೂ ಸರಿ, "ಎಷ್ಟು ಮನೆಗೆ, ಯಾವ ವರ್ಷದಿಂದ, ರಾಜ್ಯದ ಪಾಲೆಷ್ಟು" ಅಂತ ಕೇಳಿ. ಗುರುವಾರ ರಾತ್ರಿ ನಾನೂ ಬಸ್ ಹತ್ತಿದೆ.