ತೋಪಿನ ಗುಂಡು ಕಮಲಾಪುರ ಮುಟ್ಟೀತೇ?

ಕಲಬುರಗಿ ಕೋಟೆ ನೋಡಿ ಬಂದ ಕಮಲಾಪುರದ ಆರನೇ ಇಯತ್ತೆಯ ಹುಡುಗಿಯೊಬ್ಬಳು ನನಗೆ ಬರೆದಿದ್ದಾಳೆ: ‘ಮುತ್ಯಾ, ಕ್ವಾಟಿ ಮ್ಯಾಲಿನ ಆ ಉದ್ದನ ತೋಪು ಹಾರಿಸಿದ್ರ ಗುಂಡು ನಮ್ಮೂರಿಗೆ ಬರ್ತಿತ್ತೇನು?’

ಒಳ್ಳೆಯ ಪ್ರಶ್ನೆ. ಬನ್ನಿ ಮಕ್ಕಳೇ, ಲೆಕ್ಕ ಹಾಕೋಣ. ಅಜ್ಜ-ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಪ್ರಯೋಗಕ್ಕೆ ಅವರ ಕಿವಿ ಬೇಕು.

ಬಹಮನಿ ಸುಲ್ತಾನರ ಕೋಟೆಯಲ್ಲಿರುವ ಆ ತೋಪಿನ ಹೆಸರು ಬಾರಾ ಗಜಿ ತೋಪು. ಉದ್ದ ಸುಮಾರು 29 ಅಡಿ. ತೋಪು ಅಂದರೆ ಒಂದು ತುದಿ ಮುಚ್ಚಿದ ಗಟ್ಟಿ ಕೊಳವೆ. ತಳದಲ್ಲಿ ಮದ್ದು, ಅದರ ಮುಂದೆ ಗುಂಡು. ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಪುಡಿ. ಕಿಡಿ ತಾಕಿದೊಡನೆ ಅದು ಭಗ್ಗನೆ ಉರಿದು ಬಿಸಿ ಅನಿಲ ಹೊರಡಿಸುತ್ತದೆ. ಹಿಗ್ಗಲು ಜಾಗ ಬೇಕಾದ ಅನಿಲ ಗುಂಡನ್ನು ಮುಂದಕ್ಕೆ ನೂಕುತ್ತದೆ. ಕೊಳವೆ ಉದ್ದವಾದಷ್ಟೂ ನೂಕಾಟ ಹೆಚ್ಚು ಹೊತ್ತು ನಡೆಯುತ್ತದೆ. ಬಾಯಿ ದಾಟಿದ ಮೇಲೆ ಗುಂಡನ್ನು ನೂಕುವವರಿಲ್ಲ.

ಗುಂಡು ಮುಂದೆ ಹೋದರೆ ತೋಪು ಹಿಂದೆ ಸರಿಯಲೇಬೇಕು. ಇದು ನ್ಯೂಟನ್ ಹೇಳಿದ ನಿಯಮ. ತೋಪು ಗುಂಡಿಗಿಂತ ಸಾವಿರ ಪಟ್ಟು ಭಾರವಿದ್ದರೆ, ಅದು ಹಿಮ್ಮೆಟ್ಟುವ ವೇಗ ಗುಂಡಿನ ವೇಗದ ಸಾವಿರದಲ್ಲಿ ಒಂದು ಪಾಲು.

ಈಗ ಪ್ರಯೋಗ. ಮೇಜಿನ ಅಂಚಿನಲ್ಲಿ ಗೇಣು ದೂರಕ್ಕೆ ಎರಡು ನಾಣ್ಯ ಇಡಿ, ಅರ್ಧರ್ಧ ಹೊರಗೆ ಚಾಚಿರಲಿ. ಹಿಂದೆ ಒಂದು ಸ್ಕೇಲು. ಅದರ ಒಂದು ತುದಿಯನ್ನು ಬೆರಳಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಥಟ್ಟನೆ ಮುಂದಕ್ಕೆ ತಳ್ಳಿ. ಒಂದು ನಾಣ್ಯ ದೂರ ಹಾರುತ್ತದೆ, ಇನ್ನೊಂದು ಕೆಳಗೇ ಬೀಳುತ್ತದೆ. ಅಜ್ಜಿ ಕಣ್ಣು ಮುಚ್ಚಿ ಆಲಿಸಲಿ. ಕೇಳುವುದು ಹೆಚ್ಚುಕಡಿಮೆ ಒಂದೇ ‘ಠಣ್’!

ಅಂದರೆ, ಎಷ್ಟೇ ಜೋರಾಗಿ ಮುಂದಕ್ಕೆ ಓಡಿದರೂ ಭೂಮಿ ಕೆಳಕ್ಕೆ ಎಳೆಯುವುದು ತಪ್ಪದು. 20 ಮೀಟರ್ ಎತ್ತರದ ಬುರುಜಿನಿಂದ ಕೈಬಿಟ್ಟ ಕಲ್ಲು ನೆಲ ಮುಟ್ಟಲು ಸುಮಾರು 2 ಸೆಕೆಂಡ್ ಸಾಕು. ಅಲ್ಲಿಂದ ನೇರ ಅಡ್ಡಕ್ಕೆ ಹಾರಿಸಿದ ಗುಂಡಿಗೂ ಅಷ್ಟೇ. ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್ ಅಂದುಕೊಂಡರೆ, ಅದು ಬೀಳುವುದು 600 ಮೀಟರ್ ಆಚೆ.

ಅದಕ್ಕೇ ತೋಪಿನ ಬಾಯಿ ಮೇಲಕ್ಕೆತ್ತುತ್ತಿದ್ದರು. ಗಾಳಿಯೇ ಇಲ್ಲವೆಂದುಕೊಂಡರೆ 45 ಡಿಗ್ರಿ ಕೋನದಲ್ಲಿ ಗುಂಡು ಅತಿ ದೂರ ಹೋಗುತ್ತದೆ. ವೇಗವನ್ನು ವೇಗದಿಂದಲೇ ಗುಣಿಸಿ 10ರಿಂದ ಭಾಗಿಸಿ: 9,000 ಮೀಟರ್, ಅಂದರೆ 9 ಕಿ.ಮೀ. ಕಮಲಾಪುರ ಇರುವುದು 30 ಕಿ.ಮೀ.ಗೂ ಆಚೆ. ಅಲ್ಲಿನ ಕೆಂಪು ಬಾಳೆಗೆ ಏನೂ ಭಯವಿಲ್ಲ!

ನಿಜಕ್ಕೂ ಗುಂಡು 9 ಕಿ.ಮೀ. ಕೂಡ ಹೋಗದು. ದಾರಿಯುದ್ದಕ್ಕೂ ಗಾಳಿ ಅಡ್ಡ ನಿಂತಿರುತ್ತದೆ. ಗಾಳಿಯ ಈ ತಡೆ ಜನ ಎಣಿಸಿದ್ದಕ್ಕಿಂತ ಬಹಳ ದೊಡ್ಡದೆಂದು 1742ರಲ್ಲಿ ಪುಸ್ತಕ ಬರೆದು ತೋರಿಸಿದವರು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಜೀಕಿತೆಂದು ನೋಡಿ ಅವರು ವೇಗ ಅಳೆಯುತ್ತಿದ್ದರು. ಇಂದಿನ ರೈಫಲ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 800 ಮೀಟರ್. ನಮ್ಮ ಲೆಕ್ಕದಂತೆ ಅದು 64 ಕಿ.ಮೀ. ಹೋಗಬೇಕು. ಗಾಳಿಯಿಂದಾಗಿ ಸುಮಾರು 4 ಕಿ.ಮೀ.ಗೇ ನೆಲ ಕಚ್ಚುತ್ತದೆ.

ಹಿರಿಯರಿಗೂ ಒಂದು ಮಾತು. ಮದುವೆ, ಮೆರವಣಿಗೆಗಳಲ್ಲಿ ಕೆಲವರು ಖುಷಿಗೆಂದು ಬಂದೂಕು ಹಾರಿಸುತ್ತಾರೆ. ‘ಆಕಾಶಕ್ಕೆ ಹೊಡೆದೆ, ಯಾರಿಗೇನಾಯ್ತು?’ ಅನ್ನುತ್ತಾರೆ. ಆಕಾಶ ಗುಂಡನ್ನು ಇಟ್ಟುಕೊಳ್ಳುವುದಿಲ್ಲ, ಭೂಮಿ ಎಳೆದೇ ಎಳೆಯುತ್ತದೆ. ಗಾಳಿ ಎಷ್ಟೇ ತಡೆದರೂ ಬೀಳುವ ಗುಂಡಿಗೆ ಗಂಟೆಗೆ 200 ಕಿ.ಮೀ. ಆಸುಪಾಸಿನ ವೇಗ ಇರಬಹುದು. ಅಂಗಳದಲ್ಲಿ ಆಡುವ ಮಗುವಿನ ತಲೆಗೆ ಬಿದ್ದರೆ ಪ್ರಾಣವೇ ಹೋದೀತು. ಹೀಗೆ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದೆಂದು 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಅಂಥವರು ಕಂಡರೆ ಮಕ್ಕಳೇ, ಮೊದಲು ಸೂರಿನಡಿ ಹೋಗಿ, ಆಮೇಲೆ ದೊಡ್ಡವರಿಗೆ ಹೇಳಿ.

ಈ ವಾರದ ಪ್ರಶ್ನೆ: ಚಂದ್ರನಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ, ಸೆಳೆತ ನಮ್ಮ ಆರರಲ್ಲಿ ಒಂದು ಪಾಲು. ಸೆಕೆಂಡಿಗೆ 300 ಮೀಟರ್ ವೇಗದ ಅದೇ ಗುಂಡು 45 ಡಿಗ್ರಿಯಲ್ಲಿ ಹಾರಿದರೆ ಅಲ್ಲಿ ಎಷ್ಟು ದೂರ ಹೋದೀತು? ಲೆಕ್ಕ ಮಾಡಿ ಬರೆಯಿರಿ.