ಕಾಗದದ ಕತ್ತೆಯೂ ಅನೇಕಾಂತವೂ

ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಡಿಸೆಂಬರ್ ಬಂದಿತೆಂದರೆ ‘ಜಗತ್ತಿನ ಹಬ್ಬಗಳು’ ಎಂಬ ಪಾಠ ಆರಂಭವಾಗುತ್ತದೆ. ಐದಾರು ವರ್ಷದ ಮಕ್ಕಳು ಕಾಗದದ ಪಾಸ್‌ಪೋರ್ಟ್ ಹಿಡಿದು ಕೊಠಡಿಯಿಂದ ಕೊಠಡಿಗೆ ಸಾಗುತ್ತಾರೆ. ಒಂದೆಡೆ ಸ್ವೀಡನ್ನಿನ ದೀಪದ ಕಿರೀಟ, ಇನ್ನೊಂದೆಡೆ ಯೆಹೂದಿಗಳ ಹನುಕ್ಕಾ ಬುಗುರಿ, ಮತ್ತೊಂದೆಡೆ ಮೆಕ್ಸಿಕೋದ ಪಿನ್ಯಾಟ. ಪ್ರತಿಯೊಂದಕ್ಕೂ ಒಂದು ಮುದ್ರೆ. ಅಲ್ಲಿ ನೆಲೆಸಿರುವ ಜೈನ ಕುಟುಂಬಗಳ ಮಕ್ಕಳೂ ಆ ಸಾಲಿನಲ್ಲಿದ್ದಾರೆ. ಇದನ್ನೇ ಅನೇಕಾಂತದ ಪ್ರಯೋಗವೆಂದು ಕೊಂಡಾಡುವ ವಿದ್ಯಾವಂತರಿಗೆ ಕೊರತೆಯಿಲ್ಲ. ಆ ಹೊಗಳಿಕೆ ಅನೇಕಾಂತಕ್ಕೆ ಎಸಗುವ ಅಪಚಾರ.

ಪಿನ್ಯಾಟವನ್ನೇ ನೋಡಬಹುದು. ಅದು ಒಳಗೆ ಮಿಠಾಯಿ ತುಂಬಿ ತೂಗುಹಾಕಿದ ಕಾಗದದ ಗೊಂಬೆ. ತರಗತಿಗೆ ಬರುವುದು ಹಲವು ಸಲ ಅಂಗಡಿಯಲ್ಲಿ ಕೊಂಡ ಕತ್ತೆಯ ಆಕಾರದ್ದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಅದನ್ನು ಕೋಲಿನಿಂದ ಬಡಿಯುತ್ತದೆ; ಹೊಟ್ಟೆ ಬಿರಿದು ಮಿಠಾಯಿ ಸುರಿದಾಗ ಉಳಿದವರು ಮುಗಿಬೀಳುತ್ತಾರೆ. ಜನ್ನನ ‘ಯಶೋಧರ ಚರಿತೆ’ಯನ್ನು (ಕ್ರಿ.ಶ. 1209) ಬಲ್ಲ ಮನೆಯವರಿಗೆ ಇದು ಬರಿಯ ಆಟವೆಂದು ತೋರುವುದಾದರೂ ಹೇಗೆ? ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪಶುಜನ್ಮಗಳಲ್ಲಿ ತೊಳಲಿದರು. ಮಗುವಿಗೆ ಕೊಲ್ಲುವ ಸಂಕಲ್ಪವಿಲ್ಲ, ನಿಜ. ಪ್ರಾಣಿಯ ರೂಪವನ್ನು ಬಡಿದರೆ ಸಿಹಿ ದೊರೆಯುತ್ತದೆಂಬ ಸಂಸ್ಕಾರ ಮಾತ್ರ ಕೈಗೂ ಮನಸ್ಸಿಗೂ ಅಂಟುತ್ತದೆ.

ಇಷ್ಟಕ್ಕೇ ಮೆಕ್ಸಿಕೋದ ಹಬ್ಬವನ್ನು ಹಿಂಸಾಮಯವೆಂದು ಜರೆಯುವವರ ಅಜ್ಞಾನವೂ ಸಣ್ಣದಲ್ಲ. ಅಲ್ಲಿನ ಸಾಂಪ್ರದಾಯಿಕ ಪಿನ್ಯಾಟ ಏಳು ಮೊನೆಗಳ ನಕ್ಷತ್ರ. ಗರ್ವ, ಲೋಭ, ಕ್ರೋಧ ಮೊದಲಾಗಿ ಕ್ರೈಸ್ತರು ಹೇಳುವ ಏಳು ಮಹಾಪಾಪಗಳೇ ಆ ಮೊನೆಗಳು; ಕಣ್ಣುಪಟ್ಟಿ ಶ್ರದ್ಧೆಯ ಸಂಕೇತ. ನಾಲ್ಕು ಕಷಾಯಗಳ ಹೆಸರನ್ನು ಪಾಠಶಾಲೆಯಲ್ಲಿ ಕಲಿತ ಮಗುವಿಗೆ ಇದೆಷ್ಟು ಹತ್ತಿರದ ಮಾತು! ಡಿಸೆಂಬರ್ 16ರಿಂದ 24ರವರೆಗಿನ ಒಂಬತ್ತು ರಾತ್ರಿಗಳ ಪೊಸಾದಾಸ್ ಆಚರಣೆಯಲ್ಲಿ, ತುಂಬು ಗರ್ಭಿಣಿ ಮರಿಯಳೂ ಜೋಸೆಫನೂ ತಂಗಲು ತಾಣ ಹುಡುಕಿದ್ದನ್ನು ನೆನೆದು ಜನರು ಮನೆಗಳ ಬಾಗಿಲಲ್ಲಿ ನಿಂತು ಹಾಡಿ ಆಶ್ರಯ ಬೇಡುತ್ತಾರೆ. ಒಳಗಿನವರು ಮೊದಲು ನಿರಾಕರಿಸಿ, ಕಡೆಗೆ ಬಾಗಿಲು ತೆರೆಯುತ್ತಾರೆ. ಅಭಯದಾನವನ್ನು ಎಳೆಯರಿಗೆ ತಿಳಿಸಲು ಇದಕ್ಕಿಂತ ಸುಲಭದ ದಾರಿ ಯಾವುದು? ತರಗತಿಯಲ್ಲಿ ಆ ಬಾಗಿಲಿಲ್ಲ, ಆ ಹಾಡಿಲ್ಲ. ಉಳಿದದ್ದು ಕೋಲು ಮತ್ತು ಕತ್ತೆ.

ಧರ್ಮದ ಅರ್ಥ ಹೇಳಲು ಕಾನೂನು ಅಡ್ಡಿಯೆಂಬ ಸಮಾಧಾನ ನಿಲ್ಲುವುದಿಲ್ಲ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ತಡೆದದ್ದು ಸರ್ಕಾರಿ ಶಾಲೆಗಳೇ ನಡೆಸುವ ಬೈಬಲ್ ಪಠಣವನ್ನು. ಧರ್ಮಗಳ ವಸ್ತುನಿಷ್ಠ ಅಧ್ಯಯನವನ್ನಲ್ಲ. ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಎಂಬ ಶಿಕ್ಷಣತಜ್ಞೆ 1989ರಷ್ಟು ಹಿಂದೆಯೇ ಇಂತಹ ಬೋಧನೆಯನ್ನು ‘ಪ್ರವಾಸಿ ಪಠ್ಯಕ್ರಮ’ವೆಂದು ಟೀಕಿಸಿದ್ದರು. ಆನೆಯನ್ನು ಮುಟ್ಟಿದ ಕುರುಡರಾದರೂ ಒಂದೊಂದು ಅಂಗವನ್ನು ಮನಸ್ಸಿಟ್ಟು ತಡವಿದ್ದರು. ಈ ಮಕ್ಕಳಿಗೆ ಅಷ್ಟೂ ಬಿಡುವಿಲ್ಲ, ಮುದ್ರೆ ಬೀಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ.

ದೀಪಾವಳಿಯೆಂದರೆ ರಾಮನ ಪುನರಾಗಮನ ಮಾತ್ರವೆಂದು ಅದೇ ಶಾಲೆ ಹೇಳಿದಾಗ, ಕ್ರಿ.ಪೂ. 527ರ ಪಾವಾಪುರಿಯ ವೀರನಿರ್ವಾಣ ಬಿಟ್ಟುಹೋಯಿತೆಂದು ಜೈನ ತಂದೆತಾಯಿಗಳು ನೊಂದುಕೊಳ್ಳುತ್ತಾರೆ. ನೋವು ನ್ಯಾಯವಾದದ್ದೇ. ಮೆಕ್ಸಿಕೋದ ತಾಯಿಯೊಬ್ಬಳು ಕತ್ತೆಯನ್ನು ಕಂಡು ನೊಂದರೆ ಅದೂ ಅಷ್ಟೇ ನ್ಯಾಯವಾದುದು. ಶಿಕ್ಷಕರ ಬಳಿಗೆ ಹೋಗುವ ಪಾಲಕರು ವೀರನಿರ್ವಾಣದ ಮಾತಿನೊಡನೆ ಆ ಒಂಬತ್ತು ರಾತ್ರಿಗಳ ಮಾತನ್ನೂ ಎತ್ತಲಿ. ಹತ್ತು ದೇಶಗಳ ಬದಲು ಒಂದೇ ಹಬ್ಬ ಸಾಕು. ಕತ್ತೆಯ ಬದಲು ಏಳು ಮೊನೆಯ ನಕ್ಷತ್ರ ತೂಗಲಿ, ಕೋಲು ಹಿಡಿಯುವ ಮುನ್ನ ಪ್ರತಿ ಮಗುವೂ ಒಂದೊಂದು ಮೊನೆಯ ಹೆಸರು ಹೇಳಲಿ.